ಮುಳುಗಿದ ಊರಿನ ಗೌಡರ ಓಣಿ

ವಿಆರ್ ಕನ್ನಡಕ ಹಾಕಿಕೊಂಡಿದ್ದ ಪಕ್ಕೀರಮ್ಮ ಗೌಡರ ಓಣಿ ಕಂಡದ್ದೇ ತಡ, ಬಗ್ಗಿ ತನ್ನ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು.

ಮೊಮ್ಮಗ ಕ್ರಾಂತಿಕುಮಾರನ ಮೈಯೆಲ್ಲ ಉರಿಯಿತು. ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿದ ಅಜ್ಜಿಯ ಊರನ್ನು ಅವಳ ಬಾಯಿಂದಲೇ ಕೇಳಿ ಕೇಳಿ ಗೇಮಿನಲ್ಲಿ ಕಟ್ಟಿದ್ದು ಇದಕ್ಕೇನು?

"ಹಾಕ್ಕೋಬೇ ಅಜ್ಜೀ! ನಮ್ಮ ಕೇರಿಯೋರು ಇಲ್ಲಿ ಚಪ್ಪಲಿ ಮೆಟ್ಟಬಾರದು ಅನ್ನೋರು ಈ ಊರಾಗ ಯಾರೂ ಇಲ್ಲ."

"ಗೌಡ ಎಲ್ಲಿ ಅದಾನ? ಕಟ್ಟಿ ಮ್ಯಾಲೇ ಕುಂತಿರ್ತಿದ್ನಲ್ಲ."

"ಅವನ್ನ ನಾ ಇಟ್ಟೇ ಇಲ್ಲ."

ಅಜ್ಜಿ ಚಪ್ಪಲಿ ಮೆಟ್ಟಿ, ಹಗರಿಬೊಮ್ಮನಹಳ್ಳಿಯ ತಮ್ಮ ಮನೆಯ ಪುಟ್ಟ ಕೋಣೆಯಲ್ಲಿ ಚಟಪಟ ಸದ್ದು ಮಾಡುತ್ತ ಓಣಿಯ ನಡುವೆಯೇ ನಡೆದಳು. ನಡೆದವಳು ಥಟ್ಟನೆ ನಿಂತಳು.

"ಥೂ, ಖಾಲಿ ಓಣ್ಯಾಗ ನಡದ್ರ ಏನು ಮಜಾ ಐತ್ಲೇ?" ಎಂದು ಬೊಚ್ಚುಬಾಯಿ ತುಂಬ ನಕ್ಕಳು. "ಕುಂದ್ರಸು ಆ ಗೌಡನ್ನ! ಅವನೆದುರಿಗೇ ಹೊಳ್ಳಿ ಬರ್ತೀನಿ, ನೋಡ್ಲಿ."