ಚೋಂದವ್ವನ ಎರಡು ಗುಂಡು

ಈಗ ಲೋಕದಲ್ಲಿ ಯಾರಿಗೇ ಆಗಲಿ ಜೀವಮಾನಕ್ಕೆ ಮೂರೇ ಗುಂಡು. ಕೊಡಗಿನಲ್ಲಿ ಮಗು ಹುಟ್ಟಿದಾಗ ಒಂದನ್ನು ಆಕಾಶಕ್ಕೆ ಹಾರಿಸುತ್ತಾರೆ. ಉಳಿದೆರಡು, ಸತ್ತ ಸುದ್ದಿಯನ್ನು ಊರಿಗೆ ತಿಳಿಸಲು. ಸೇನೆಗೆ ಸೇರಿದವರು ಯುದ್ಧಕ್ಕೂ ಆ ಎರಡನ್ನೇ ಒಯ್ಯಬೇಕು.

ಬಿದ್ದಪ್ಪನ ಶವದೊಂದಿಗೆ ಬಂದ ಸುಬೇದಾರರು ಅವನ ಗುಂಡಿನ ಖಾಲಿ ಡಬ್ಬಿಯನ್ನು ತಾಯಿ ಚೋಂದವ್ವನ ಕೈಗಿಟ್ಟರು.

"ಯಾರನ್ನಾದ್ರೂ ಕೊಂದನಾ?" ಚೋಂದವ್ವ ಕೇಳಿದಳು.

"ಇಲ್ಲಮ್ಮ. ಎದುರು ಸೈನ್ಯದವನೊಬ್ಬ ಸತ್ತು ಬಿದ್ದಿದ್ದ, ಅವನ ಸಾವಿನ ಗುಂಡು ಹಾರಿಸೋಕೆ ಅಲ್ಲಿ ಯಾರೂ ಇರ್ಲಿಲ್ಲ. ಅವನಿಗೋಸ್ಕರ ಎರಡನ್ನೂ ಆಕಾಶಕ್ಕೆ ಹಾರಿಸಿಬಿಟ್ಟ."

ಚೋಂದವ್ವ ಒಳಗೆ ಹೋಗಿ ತನ್ನ ಡಬ್ಬಿ ತಂದಳು. ಮೈದುನ ಪೂವಯ್ಯ ಅದರಲ್ಲಿದ್ದ ಎರಡು ಗುಂಡನ್ನು ಕೋವಿಗೆ ತುಂಬುತ್ತಾ ತಲೆಯೆತ್ತಿದ.

"ಅತ್ತಿಗೆ, ನಾಳೆ ನಿಮಗೆ?"

"ಹಾರಿಸು ಪೂವಯ್ಯ. ನನ್ನ ಸುದ್ದಿ ಕೇಳಿ ಓಡಿ ಬರಬೇಕಾದವನು ಇಲ್ಲೇ ಮಲಗಿದಾನಲ್ಲ."