ಹೊಂದಿಸಿದ ಹಸಿರು

ಚಳ್ಳಕೆರೆಯ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಯರ್ರಪ್ಪ ತಂದಿದ್ದ ಹಸಿರು ನೀರಿನ ಬಾಟಲಿಯ ಮುಚ್ಚಳ ತೆಗೆದು ಮೂಸಿ, ಮುಖ ಸಿಂಡರಿಸಿದರು. "ಇದನ್ನ ಎಷ್ಟು ದಿವಸದಿಂದ ಕುಡಿಸ್ತಿದೀಯಾ?"

"ಹತ್ತು ದಿನ ಆತು ಸಾರ್. ದಿನಾ ಬೆಳಗ್ಗೆ ಒಂದು ಲೋಟ," ಎಂದ ಯರ್ರಪ್ಪ. ಹೇಳುವಾಗ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು, ಪಾಪ.

ಮಂಚದ ಮೇಲೆ ಎಂಟು ವರ್ಷದ ಮಗಳು ದಿವ್ಯಶ್ರೀ ಹೊಟ್ಟೆ ಹಿಡಿದುಕೊಂಡು ಮುದುಡಿದ್ದಳು. ಕಣ್ಣು, ಉಗುರು ಎಲ್ಲ ಹಳದಿ. ಇರುಳುಗಣ್ಣಿನ ಹುಡುಗಿ; ದೀಪ ಹಚ್ಚುವ ಹೊತ್ತಾದರೆ ಗೋಡೆ ತಡವರಿಸುತ್ತಿದ್ದಳು. ಮೊಳಕಾಲ್ಮುರಿನ ಅವಳ ಶಾಲೆಗೆ ಯಾರೋ ಬಂದು ಒಂದು ತಿಂಗಳು ಸ್ಪಿರುಲಿನಾ ಎಂಬ ಹಸಿರು ಮಾತ್ರೆ ಹಂಚಿದ್ದರು. ನೀರಿನ ಪಾಚಿಯಿಂದ ಮಾಡಿದ್ದು, ಕಣ್ಣಿಗೆ ಒಳ್ಳೆಯದು ಎಂದಿದ್ದರು. ಒಳ್ಳೆಯದೇ ಆಯಿತು, ಹುಡುಗಿ ಮುಸ್ಸಂಜೆಯಲ್ಲೂ ಕುಣಿದಾಡಿದಳು. ಆಮೇಲೆ ಮಾತ್ರೆ ನಿಂತಿತು. ಔಷಧದಂಗಡಿಯಲ್ಲಿ ಕೇಳಿದರೆ ಅಂಥದ್ದು ಬರುವುದಿಲ್ಲ ಎಂದರು. ಮತ್ತೆ ಅದೇ ಗೋಡೆ, ಅದೇ ತಡವರಿಕೆ.

ಯರ್ರಪ್ಪ ರೇಷ್ಮೆ ನೂಲಿಗೆ ಬಣ್ಣ ಹಾಕುವವ. ಸೀರೆಯ ಚೂರೊಂದನ್ನು ಕೈಗಿಟ್ಟರೆ ಸಾಕು, ತದ್ವತ್ ಅದೇ ಬಣ್ಣ ಎತ್ತಿ ಕೊಡುವ ಆಸಾಮಿ. ಉಳಿದಿದ್ದ ಒಂದೇ ಮಾತ್ರೆಯನ್ನು ಜೇಬಿಗಿಳಿಸಿ, ಊರಾಚೆಯ ಹೊಂಡ, ಗುಂಡಿ ಒಂದನ್ನೂ ಬಿಡದೆ ಅಲೆದ. ಹಳೆಯ ಕಲ್ಲು ಕ್ವಾರಿಯ ನಿಂತ ನೀರಿನ ಮೇಲೆ ಪಾಚಿ ಕೆನೆಗಟ್ಟಿತ್ತು. ಅದನ್ನು ಬಿಳಿ ನೂಲಿಗೆ ಸವರಿ, ಪಕ್ಕದಲ್ಲೇ ಮಾತ್ರೆ ಅರೆದು ಸವರಿ, ಬಿಸಿಲಿಗೆ ಹಿಡಿದು ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಮಾರನೆಯ ಬೆಳಗ್ಗೆಯಿಂದಲೇ ಆ ಪಾಚಿಯನ್ನು ನೀರಿಗೆ ಕದಡಿ ಮಗಳಿಗೆ ಕುಡಿಸತೊಡಗಿದ.

"ಆ ಮಾತ್ರೆ, ಈ ಪಾಚಿ ಎರಡೂ ಒಂದೇ ಸಾರ್. ನಾನೇ ಬಣ್ಣ ಹೊಂದಿಸಿ ನೋಡೀನಿ," ಎಂದ ಈಗ.

"ಹಸಿರು ಒಂದೇ ಇರಬಹುದಯ್ಯಾ. ಪಾಚಿ ಅಂತೀವಿ, ನಿಜಕ್ಕೆ ಎರಡೂ ಬಿಸಿಲು ಕುಡಿದು ಬದುಕೋ ಬ್ಯಾಕ್ಟೀರಿಯಾನೇ. ಆದರೆ ಆ ಮಾತ್ರೆಯದು ಬೇರೆ ಜಾತಿ. ಇದು ವಿಷ ಕಾರುತ್ತೆ." ಡಾಕ್ಟರು ದನಿ ತಗ್ಗಿಸಿದರು. "ಲಿವರ್ ಪೂರ್ತಿ ಹೋಗಿದೆ. ದಾವಣಗೆರೆಗೆ ಬರೆದುಕೊಡ್ತೀನಿ, ಆಸೆ ಮಾತ್ರ ಇಟ್ಕೋಬೇಡ."

ಯರ್ರಪ್ಪ ಬಾಟಲಿಯತ್ತ ನೋಡಿದ. ಅಯ್ಯೋ ಪಾಪಿ, ನನ್ನ ಕೈಯಾರೆ ಕುಡಿಸಿದೆನಲ್ಲಾ ಎಂದು ಎದೆ ಬಡಿದುಕೊಳ್ಳಬೇಕೆನಿಸಿತು. ಮಗಳ ಎದುರು ಹೇಗೆ ಬಡಿದುಕೊಂಡಾನು? ಅವಳ ಪಕ್ಕದಲ್ಲಿ ಕುಸಿದು ಕೂತ.

ದಿವ್ಯಶ್ರೀ ಕಣ್ಣು ಬಿಟ್ಟು ಅಪ್ಪನ ಮುಖ ನೋಡಿದಳು.

"ಬೈಬ್ಯಾಡ ನಾಯ್ನಾ. ನಿನ್ನೆ ಕುಡಿದಿದ್ದೆಲ್ಲಾ ವಾಂತಿ ಮಾಡ್ಕೊಂಡೆ, ಅದಕ್ಕೇ ವಾಸಿ ಆಗ್ಲಿಲ್ಲ. ನಾಳೆ ಎಲ್ಡು ಲೋಟ ಕುಡೀತೀನಿ."