ಎರಡಕ್ಷರದ ಅಪ್ಪಣೆ

"ನಿಮ್ಮ ಹಟಕ್ಕೆ ಅದನ್ನ ಬಲಿ ಕೊಡಬೇಡಿ ಸಾರ್!" ಎಂಜಿನಿಯರ್ ಸುಗುಣಾ ಮೇಜು ಗುದ್ದಿದಳು.

"ದೆಹಲಿಯವರು ಕಾಯ್ತಿದ್ದಾರೆ. ಏನಮ್ಮಾ ಹೇಳ್ಲಿ, ನಮ್ಮ ಹುಡುಗಿ ಹೆದರಿದ್ಲು ಅಂತಲಾ?" ನಿರ್ದೇಶಕ ತೀರ್ಥಪ್ಪನ ಮುಖ ಕೆಂಡವಾಗಿತ್ತು.

ಸೇನೆಯ ಪುಟ್ಟ ಪ್ರಯೋಗ ಉಪಗ್ರಹವೊಂದು ಮೇಲೆ ಸುತ್ತುತ್ತಿತ್ತು. ಅದರ ಹೊಸ ಎಂಜಿನ್ ಹೊತ್ತಿಸಿ ನೋಡುವುದೇ ಪರೀಕ್ಷೆ. ಹೊತ್ತಿಸುವ ಅಪ್ಪಣೆ ಕೊರಳಪಟ್ಟಿಯಲ್ಲಿ ಸದಾ ತೆರೆದಿದ್ದ ಮೈಕಿನಲ್ಲಿ ತೀರ್ಥಪ್ಪನೇ ಕೊಡಬೇಕು. ಕದ್ದು ಕೇಳುವವರಿಗೆ ತಿಳಿಯದಿರಲೆಂದು ಅದಕ್ಕೆ ಎರಡಕ್ಷರದ ಕನ್ನಡ ಮಾತೊಂದನ್ನು ಅವನೇ ಆರಿಸಿದ್ದ.

"ಈಗ ಹೊತ್ತಿಸಿದ್ರೆ ಪಕ್ಕದ ಉಪಗ್ರಹಕ್ಕೆ ಗುದ್ದುತ್ತೆ. ಎರಡೂ ಪುಡಿಪುಡಿ. ಒಂದು ಸುತ್ತು ಕಾಯಿರಿ, ಅಷ್ಟೇ!"

"ನನಗೇ ಪಾಠ ಹೇಳೋಕೆ ಬಂದ್ಯಾ?"

"ಕೇಳೋಕೆ ಕಿವಿ ಬೇಕಲ್ಲ! ನಿಮ್ಮ ಜೊತೆ ಏಗೋಕೆ ನನ್ನ ಕೈಲಾಗಲ್ಲ. ಕೆಲಸಾನೇ ಬಿಡ್ತೀನಿ."

"ಹೋಗು!"

ಸುಗುಣಾ ಗುರುತಿನ ಚೀಟಿಯನ್ನು ಮೇಜಿನ ಮೇಲೆ ಬಿಸಾಕಿ, ಬಾಗಿಲು ದಡಾರನೆ ಎಳೆದುಕೊಂಡು ಹೊರಟೇಹೋದಳು.

ತೀರ್ಥಪ್ಪ ಏದುಸಿರು ಬಿಡುತ್ತ ಪರದೆಯನ್ನು ದಿಟ್ಟಿಸಿದ. ಎರಡು ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡಂತೆ ಸಾಗುತ್ತಿದ್ದವು. ಅವಳು ಹೇಳಿದ್ದು ನಿಜ. ಅವನ ಕೋಪ ಜರ್ರನೆ ಇಳಿಯಿತು.

"ಸುಗುಣಾ, ನಿಲ್ಲಮ್ಮಾ!" ಎಂದು ಕೂಗಿದ. ಅವಳು ತಿರುಗಿ ಬರಲಿಲ್ಲ.

ಗಾಜಿನಾಚೆ ಕಿವಿಗೆ ಹೆಡ್‌ಫೋನು ಹಾಕಿ ಕೂತಿದ್ದ ಆಪರೇಟರನಿಗೆ ಮೈಕಿನಲ್ಲಿ ಮೆಲ್ಲಗೆ ಹೇಳಿದ: "ಈ ಸುತ್ತು ಬೇಡಪ್ಪಾ. ಮುಂದಿನ ಸುತ್ತಿಗೆ ನೋಡೋಣ."

ಆಪರೇಟರ್ ಗಾಬರಿಯಿಂದ ತಲೆಯೆತ್ತಿದ.

"ಆಗ್ಲೇ 'ಹೋಗು' ಅಂದ್ರಲ್ಲ ಸಾರ್, ಹೊತ್ತಿಸಿಬಿಟ್ಟೆ."